ಮೊದಲು ಬಂದ ತಂಡ ಮೇಲಿನ ಲೀಗಿಗೆ ಯಾಕೆ ಹೋಗಲಿಲ್ಲ?

ಓದುಗರ ಪ್ರಶ್ನೆ:

"ನಮಸ್ಕಾರ ಸರ್. ನಾವು ಹಾಸನದ ಕಡೆಯವರು. ಆರು ವರ್ಷದಿಂದ ಮ್ಯೂನಿಕ್ ಪಕ್ಕದ ಒಂದು ಸಣ್ಣ ಊರಿನಲ್ಲಿದ್ದೇವೆ. ಮಗನಿಗೆ ಹದಿನಾಲ್ಕೂವರೆ ವರ್ಷ. ಬಾಸ್ಕೆಟ್‌ಬಾಲ್ ಅಂದರೆ ಪ್ರಾಣ. ಊರಿನ ಕ್ಲಬ್ಬಿನಲ್ಲೇ ಆಡುತ್ತಾನೆ. ಅದೇ ಕ್ಲಬ್ಬಿನ ದೊಡ್ಡವರ ತಂಡ ಕಳೆದ ವರ್ಷ ರೀಜನಲ್‌ಲೀಗಾದಲ್ಲಿ ಮೊದಲು ಬಂತು. ಊರೆಲ್ಲ ಹಬ್ಬ ಮಾಡಿದೆವು. ಆಮೇಲೆ ನೋಡಿದರೆ ಮೇಲಿನ ಲೀಗಿಗೆ ಹೋಗಲೇ ಇಲ್ಲ. ಸೀಟನ್ನು ದುಡ್ಡಿದ್ದವರಿಗೆ ಮಾರಿದ್ದಾರೆ ಅಂತ ಕೆಲವರು ಹೇಳುತ್ತಾರೆ. ಮಗ ಎರಡು ದಿನ ಊಟ ಬಿಟ್ಟ. ಇನ್ನು ಬಯರ್ನ್ ಮ್ಯೂನಿಕ್ ತಂಡ ಶುಕ್ರವಾರ ಒಂದು ಲೀಗು, ಭಾನುವಾರ ಇನ್ನೊಂದು ಲೀಗು ಆಡುತ್ತದೆ. ಒಟ್ಟು ಎಷ್ಟು ಲೀಗಿವೆ, ಯಾರಿಗೆ ಯಾರು ಯಜಮಾನರು, ಒಂದೂ ತಿಳಿಯುವುದಿಲ್ಲ. ಎನ್‌ಬಿಎ ಯುರೋಪಿಗೆ ಬರುತ್ತದಂತೆ, ಸಣ್ಣ ಕ್ಲಬ್ಬುಗಳು ಮುಚ್ಚಿ ಹೋಗುತ್ತವಂತೆ. ಈ ನಡುವೆ ಸ್ಪೇನಿನ ಒಂದು ಖಾಸಗಿ ಅಕಾಡೆಮಿ ಮಗನನ್ನು ಕರೆಯುತ್ತಿದೆ. ಫೀಸು ಕೇಳಿದರೆ ಎದೆ ಒಡೆಯುತ್ತದೆ. ನಮ್ಮ ಯಜಮಾನರು ಹತ್ತನೇ ಕ್ಲಾಸಿಗೆ ಆಟ ಸಾಕು ಅನ್ನುತ್ತಾರೆ. ನಮ್ಮೆಲ್ಲರದೂ ಭಾರತದ ಪಾಸ್‌ಪೋರ್ಟ್. ಏನು ಮಾಡೋಣ ಸರ್?"

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆಗಳು ನಾಲ್ಕೈದಿವೆ, ಅಡಿಯಲ್ಲಿರುವ ಭಯ ಒಂದೇ. ಗೆದ್ದರೂ ಬೆಲೆ ಇಲ್ಲದ ಕಡೆ ಮಗನನ್ನು ಬಿಟ್ಟುಬಿಟ್ಟೆವಾ ಅನ್ನುವ ಭಯ. ನಾನು ಹನ್ನೊಂದು ವರ್ಷ ಜರ್ಮನಿಯ ಕ್ಲಬ್ಬುಗಳಲ್ಲಿ ಮಕ್ಕಳಿಗೆ ಕೋಚ್ ಆಗಿದ್ದೆ. ಅದರಲ್ಲಿ ನಾಲ್ಕು ವರ್ಷ ಲೈಸೆನ್ಸ್ ಅರ್ಜಿಯ ಕಾಗದಪತ್ರವನ್ನೂ ನೋಡಿಕೊಂಡೆ. ಊಟ ಬಿಟ್ಟ ಮಕ್ಕಳನ್ನು ಕಂಡಿದ್ದೇನೆ. ಅದಕ್ಕೇ ಮೊದಲು ಆ ತಂಡದ ಮಾತನ್ನೇ ಎತ್ತಿಕೊಳ್ಳುತ್ತೇನೆ.

ಸೀಟು ಮಾರಿದ್ದಾರೆ ಅನ್ನುವುದನ್ನು ನಾನು ನಂಬುವುದಿಲ್ಲ. ದೇಶದ ನಾಲ್ಕನೇ ಹಂತವಾದ ರೀಜನಲ್‌ಲೀಗಾ ಮಟ್ಟದಲ್ಲಿ ಹೀಗಾದಾಗ ಹೆಚ್ಚಿನ ಸಲ 'ನಮಗೆ ಬೇಡ' ಅಂದಿರುವುದು ಆ ಕ್ಲಬ್ಬೇ. ಯುರೋಪಿನ ಬಾಸ್ಕೆಟ್‌ಬಾಲಿನಲ್ಲಿ ಗೆದ್ದರೆ ಸಿಗುವುದು ಮೇಲಿನ ಲೀಗಿಗೆ ಅರ್ಜಿ ಹಾಕುವ ಹಕ್ಕು, ಅಷ್ಟೇ. ಜಾಗ ಸಿಗುವುದು ಲೈಸೆನ್ಸ್ ಬಂದಾಗ. ಲೈಸೆನ್ಸಿಗೆ ಹಾಲ್ ಬೇಕು, ಬಜೆಟ್ ಬೇಕು, ಲೆಕ್ಕಪತ್ರ ಬೇಕು, ಸಂಬಳದ ಕೋಚ್ ಬೇಕು, ಮಕ್ಕಳ ತಂಡಗಳು ಬೇಕು.

ನಾನಿದ್ದ ಒಂದು ಕ್ಲಬ್ಬಿನಲ್ಲಿ ಇದೇ ಆಯಿತು. ಆ ಸೀಸನ್ನಿನಲ್ಲಿ ನಮ್ಮ ತಂಡ ಸೋತದ್ದು ಎರಡೇ ಮ್ಯಾಚು. ಏಪ್ರಿಲ್‌ನಲ್ಲಿ ಮೀಟಿಂಗ್ ಕರೆದರು. ಮೇಜಿನ ಮೇಲೆ ಒಂದು ಹಾಳೆ. ಬಸ್ಸಿನ ಖರ್ಚು ಇಷ್ಟು, ಹೋಟೆಲ್ ಇಷ್ಟು, ಇಬ್ಬರು ಹೊರಗಿನ ಆಟಗಾರರ ಮನೆ ಬಾಡಿಗೆ ಇಷ್ಟು. ನಮ್ಮಲ್ಲಿ ಅರ್ಧ ಜನ ಹಗಲು ಬೇರೆ ಕೆಲಸ ಮಾಡಿ ಸಂಜೆ ಆಡುವವರು. ಮೇಲೆ ಹೋದರೆ ಅವರ ಜಾಗಕ್ಕೆ ಸಂಬಳದವರು ಬರಬೇಕು. ಆ ದುಡ್ಡು ಎಲ್ಲಿಂದ? ಮಕ್ಕಳ ವಿಭಾಗದಿಂದ ತೆಗೆಯಬೇಕು. ಕೈ ಎತ್ತಿಸಿದರು. 'ಬೇಡ' ಅನ್ನುವುದಕ್ಕೇ ಹೆಚ್ಚು ಕೈ ಎದ್ದವು. ನಾನೂ ಎತ್ತಿದೆ. ಹೊರಗೆ ಬಂದಾಗ ಹುಡುಗರ ಮುಖ ನೋಡಲು ಆಗಲಿಲ್ಲ. ಆದರೆ ಅವತ್ತು ಆ ತೀರ್ಮಾನ ಸರಿ ಅನ್ನಿಸಿತ್ತು, ಇವತ್ತೂ ಸರಿ ಅನ್ನಿಸುತ್ತದೆ. ನಿಮ್ಮ ಮಗನಿಗೆ ಇದನ್ನು ಹೇಳಿ. ಅವನ ಕ್ಲಬ್ ಮೇಲೆ ಹೋಗದೆ ಉಳಿದದ್ದರಿಂದಲೇ ಅವನ ವಯಸ್ಸಿನ ತಂಡಕ್ಕೆ ಕೋಚ್ ಉಳಿದಿರಬಹುದು.

ದೊಡ್ಡ ಮಟ್ಟದಲ್ಲೂ ಹೀಗೇ. ನಿಮ್ಮ ಹತ್ತಿರದ ನ್ಯೂರೆಂಬರ್ಗ್ ತಂಡ 2019ರಲ್ಲಿ ಎರಡನೇ ಹಂತದ ಪ್ರೋ-ಎ ಲೀಗಿನಲ್ಲಿ ಫೈನಲ್‌ವರೆಗೆ ಹೋಯಿತು. ಫೈನಲ್ ಆಡುವ ಎರಡೂ ತಂಡಗಳಿಗೆ ಜರ್ಮನಿಯ ಮೊದಲ ದರ್ಜೆ ಲೀಗ್ ಬುಂಡೆಸ್‌ಲಿಗಾಕ್ಕೆ ಏರುವ ಹಕ್ಕಿರುತ್ತದೆ. ಹ್ಯಾಂಬರ್ಗ್ ಏರಿತು. ನ್ಯೂರೆಂಬರ್ಗಿಗೆ ನಿಯಮಕ್ಕೆ ತಕ್ಕ ಹಾಲ್ ಇರಲಿಲ್ಲ, ಅದು ಏರಲಿಲ್ಲ. ಬುಂಡೆಸ್‌ಲಿಗಾಕ್ಕೆ ಕನಿಷ್ಠ ಮೂರು ಸಾವಿರ ಜನ ಕೂರುವ ಹಾಲ್ ಬೇಕು. ಸ್ಪೇನಿನ ಬುರ್ಗೋಸ್ ಊರಿನ ಕಥೆ ಇನ್ನೂ ಸಂಕಟದ್ದು. ಅಲ್ಲಿನ ಕ್ಲಬ್ 2013, 2014, 2015 ಹೀಗೆ ಸತತ ಮೂರು ವರ್ಷ ಅಂಕಣದಲ್ಲಿ ಆಡಿ ಬಡ್ತಿ ಗಳಿಸಿತು. ಮೂರೂ ಸಲ ಮೇಲೆ ಹೋಗಲಾಗಲಿಲ್ಲ. ಸ್ಪೇನಿನ ಮೊದಲ ದರ್ಜೆ ಲೀಗ್ ಎಸಿಬಿ ಕೇಳುತ್ತಿದ್ದ ಪ್ರವೇಶದ ಹಣ ಅಷ್ಟು ದೊಡ್ಡದಿತ್ತು. ಆಮೇಲೆ ಆ ದೇಶದ ಸ್ಪರ್ಧಾ ಆಯೋಗವೇ ಆ ಷರತ್ತುಗಳನ್ನು ತಪ್ಪು ಅಂದಿತು, ಎಸಿಬಿಗೆ ದಂಡ ಹಾಕಿತು. ಅದೇ ಊರಿನಲ್ಲಿ 2015ರಲ್ಲಿ ಹುಟ್ಟಿದ ಇನ್ನೊಂದು ಕ್ಲಬ್ 2017ರಲ್ಲಿ ಮೇಲೇರಿತು. 2020 ಮತ್ತು 2021ರಲ್ಲಿ ಜಗತ್ತಿನ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ಚಾಂಪಿಯನ್ಸ್ ಲೀಗ್ ಗೆದ್ದಿತು. 2022ರಲ್ಲಿ ಎಸಿಬಿಯಿಂದ ಕೆಳಗಿಳಿಯಿತು. ಹತ್ತು ವರ್ಷದೊಳಗೆ ಒಂದೇ ಊರು ಇಷ್ಟನ್ನೆಲ್ಲ ಕಂಡಿತು ನೋಡಿ.

ಊರವರ ಮಾತಿನಲ್ಲಿ ಒಂದು ಎಳೆ ನಿಜ ಇದೆ, ಅದನ್ನೂ ಮುಚ್ಚಿಡುವುದಿಲ್ಲ. ಜರ್ಮನಿಯ ಬುಂಡೆಸ್‌ಲಿಗಾದಲ್ಲಿ ಜಾಗ ಖಾಲಿ ಉಳಿದರೆ ವೈಲ್ಡ್ ಕಾರ್ಡ್ ಅಂತ ಕೊಡುತ್ತಾರೆ. ಅದಕ್ಕೆ ಹಣ ಕಟ್ಟಬೇಕು. ಕೆಳಗೆ ಇಳಿಯಬೇಕಾದ ತಂಡ ಹಾಗೆ ಉಳಿದುಕೊಂಡದ್ದೂ ಉಂಟು. ಅಂದರೆ ದುಡ್ಡಿಗೆ ಜಾಗ ಸಿಗುವ ದಾರಿ ಇದೆ. ಆದರೆ ಅದು ನಿಯಮದಲ್ಲೇ ಬರೆದಿರುವ ದಾರಿ. ಗೆದ್ದವರು ಬೇಡ ಅಂದ ಮೇಲೆ, ಅಥವಾ ಅವರಿಗೆ ಅರ್ಹತೆ ಇಲ್ಲ ಅಂತಾದ ಮೇಲೆ ತೆರೆಯುವ ದಾರಿ.

ಈಗ ಇಡೀ ನಕ್ಷೆ ನೋಡೋಣ. ನಾವು ಐಪಿಎಲ್ ನೋಡಿ ಬೆಳೆದವರು. 2019ರಲ್ಲಿ ಆರ್‌ಸಿಬಿ ಕೊನೆಯ ಸ್ಥಾನಕ್ಕೆ ಬಂತು. 2020ರಲ್ಲಿ ಮತ್ತೆ ಐಪಿಎಲ್‌ನಲ್ಲೇ ಆಡಿತು. ಅಮೆರಿಕದ ಎನ್‌ಬಿಎಯೂ ಹಾಗೇ. ತಂಡಗಳು ಗೊತ್ತುಮಾಡಿದ್ದು, ಕೊನೆಗೆ ಬಂದರೂ ಮನೆ ಬಿಡಬೇಕಿಲ್ಲ. ಯುರೋಪಿನ ದೇಶೀ ಲೀಗುಗಳು ಏಣಿಯ ಹಾಗೆ. ಜರ್ಮನಿಯಲ್ಲಿ ಮೇಲಿನ ಮೆಟ್ಟಿಲು ಬುಂಡೆಸ್‌ಲಿಗಾ. 1966ರಲ್ಲಿ ಶುರುವಾದದ್ದು. 18 ತಂಡಗಳ ಲೀಗ್. ಕೆಳಗೆ ಪ್ರೋ-ಎ, ಅದರ ಕೆಳಗೆ ಉತ್ತರ ದಕ್ಷಿಣ ಅಂತ ಎರಡು ಭಾಗದ ಪ್ರೋ-ಬಿ. ಆಮೇಲೆ ನಿಮ್ಮ ಊರಿನ ತಂಡ ಗೆದ್ದ ರೀಜನಲ್‌ಲೀಗಾ. ಅಲ್ಲಿಂದ ಕೆಳಗೆ ಜಿಲ್ಲಾ ಮಟ್ಟದವರೆಗೆ ಇಳಿಯುತ್ತಾ ಹೋಗುತ್ತದೆ. ಬುಂಡೆಸ್‌ಲಿಗಾದಿಂದ ಪ್ರತಿ ವರ್ಷ ಕೊನೆಯ ಎರಡು ತಂಡ ಇಳಿಯಬೇಕು, ಕೆಳಗಿನಿಂದ ಎರಡು ಏರಬೇಕು. ಸ್ಪೇನ್, ಇಟಲಿ, ಫ್ರಾನ್ಸ್, ಟರ್ಕಿ, ಗ್ರೀಸ್, ಲಿಥುವೇನಿಯಾ ಎಲ್ಲ ಕಡೆ ಇದೇ ಮಾದರಿಯ ಏಣಿ. ಮೆಟ್ಟಿಲುಗಳ ಲೆಕ್ಕ ಮಾತ್ರ ಬೇರೆ ಬೇರೆ.

ಸಣ್ಣ ದೇಶಗಳು ಸೇರಿ ಒಂದೇ ಲೀಗ್ ಮಾಡಿಕೊಂಡದ್ದೂ ಇದೆ. ಯುಗೊಸ್ಲಾವಿಯಾ ಒಡೆದ ಮೇಲೆ ಅಲ್ಲಿನ ಹೊಸ ದೇಶಗಳ ದೊಡ್ಡ ಕ್ಲಬ್ಬುಗಳಿಗೆ ಸರಿಸಾಟಿ ಎದುರಾಳಿಯೇ ಉಳಿಯಲಿಲ್ಲ. 2001ರಲ್ಲಿ ಏಡ್ರಿಯಾಟಿಕ್ ಲೀಗ್ ಶುರುವಾಯಿತು. ಯುದ್ಧ ಮುಗಿದು ಹತ್ತು ವರ್ಷವೂ ಆಗದೆ ಅದೇ ದೇಶಗಳ ತಂಡಗಳು ಒಂದೇ ಅಂಕಣಕ್ಕೆ ಬಂದವು. ನನಗೆ ಬಾಸ್ಕೆಟ್‌ಬಾಲ್ ಮೇಲೆ ಇರುವ ಪ್ರೀತಿಗೆ ಇಂಥ ಸಂಗತಿಗಳೂ ಕಾರಣ. ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್ ಕೂಡ 2021ರಿಂದ ಒಂದೇ ಲೀಗ್ ಆಡುತ್ತಿವೆ.

ಇನ್ನು ಬಯರ್ನ್‌ನ ಶುಕ್ರವಾರದ ಲೀಗ್. ಅದು ಯೂರೋಲೀಗ್, ಯುರೋಪಿನ ದೊಡ್ಡ ಕ್ಲಬ್ಬುಗಳ ಟೂರ್ನಿ. ಇಲ್ಲಿ ತುಂಬ ಜನ ತಪ್ಪು ತಿಳಿಯುತ್ತಾರೆ. ಫುಟ್‌ಬಾಲ್‌ನಲ್ಲಿ ಯುಯೆಫಾ ಇದ್ದ ಹಾಗೆ ಇಲ್ಲೂ ಫಿಬಾ ಎಲ್ಲ ನಡೆಸುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಫಿಬಾ ಜಗತ್ತಿನ ಬಾಸ್ಕೆಟ್‌ಬಾಲ್ ಸಂಸ್ಥೆ, 1932ರಲ್ಲಿ ಜಿನೀವಾದಲ್ಲಿ ಹುಟ್ಟಿದ್ದು. ವಿಶ್ವಕಪ್, ದೇಶದ ತಂಡಗಳ ಟೂರ್ನಿ, ಆಟದ ನಿಯಮ ಅದರ ಕೈಯಲ್ಲಿವೆ. ಆದರೆ ಯುರೋಪಿನ ಪುರುಷರ ಅತಿ ದೊಡ್ಡ ಕ್ಲಬ್ ಟೂರ್ನಿ ಅದರ ಕೈಯಲ್ಲಿಲ್ಲ. ಮಹಿಳೆಯರ ಯೂರೋಲೀಗ್ ಫಿಬಾದ್ದೇ. ಪುರುಷರದ್ದು ಮಾತ್ರ ಕೈ ತಪ್ಪಿತು.

ಅದು ಆದದ್ದು 2000ದಲ್ಲಿ. 1958ರಿಂದ ಚಾಂಪಿಯನ್ಸ್ ಕಪ್ ನಡೆಸುತ್ತಿದ್ದದ್ದು ಫಿಬಾವೇ. ದುಡ್ಡು ಹೆಚ್ಚಿದಂತೆ ಕ್ಲಬ್ಬುಗಳಿಗೆ ಪಾಲು ಸಾಲದು ಅನ್ನಿಸಿತು. ಸ್ಪೇನ್, ಇಟಲಿ, ಫ್ರಾನ್ಸಿನ ಲೀಗುಗಳು 1991ರಲ್ಲೇ ಒಂದು ಒಕ್ಕೂಟ ಮಾಡಿಕೊಂಡಿದ್ದವು. ಆ ಒಕ್ಕೂಟದ ಬೆಂಬಲದಿಂದ ದೊಡ್ಡ ಕ್ಲಬ್ಬುಗಳು ತಮ್ಮದೇ ಕಂಪನಿ ಕಟ್ಟಿಕೊಂಡು ಹೊರನಡೆದವು. ಯೂರೋಲೀಗ್ ಅನ್ನುವ ಹೆಸರನ್ನೂ ಜೊತೆಗೆ ಒಯ್ದವು. ಫಿಬಾ ಆ ಹೆಸರು ಬಳಸುತ್ತಿತ್ತು, ಆದರೆ ನೋಂದಣಿ ಮಾಡಿಸಿರಲಿಲ್ಲ. 2000-01ರ ಸೀಸನ್ನಿನಲ್ಲಿ ಯುರೋಪಿಗೆ ಇಬ್ಬರು ಚಾಂಪಿಯನ್ನರು. ಫಿಬಾ ಕಡೆ ಮಕ್ಕಾಬಿ ಟೆಲ್ ಅವೀವ್, ಕಂಪನಿ ಕಡೆ ಇಟಲಿಯ ಬೊಲೊನ್ಯಾದ ಕಿಂಡರ್. ಮರುವರ್ಷ ಒಂದಾದವು. ನಡೆಸುವ ಅಧಿಕಾರ ಕಂಪನಿಗೇ ಉಳಿಯಿತು.

ಹಾಗಾದರೆ ಯೂರೋಲೀಗಿಗೆ ಯಾರು ಹೋಗಬಹುದು? ನೀವು ಕೇಳಿದ 'ಯಾರಿಗೆ ಯಾರು ಯಜಮಾನರು' ಅನ್ನುವುದಕ್ಕೆ ಉತ್ತರ ಇಲ್ಲಿದೆ. ಕೆಲವು ಕ್ಲಬ್ಬುಗಳಿಗೆ ದೀರ್ಘಕಾಲದ ಲೈಸೆನ್ಸ್ ಇದೆ. ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಒಲಿಂಪಿಯಾಕೋಸ್, ಪಾನಾಥಿನೈಕೋಸ್, ಫೆನರ್‌ಬಾಚೆ, ಮಿಲಾನೋ, ಜಾಲ್ಗಿರಿಸ್ ಕೌನಾಸ್ ಇಂಥವು. ಇವು ತಮ್ಮ ದೇಶದ ಲೀಗಿನಲ್ಲಿ ಎಂಟನೇ ಸ್ಥಾನಕ್ಕೆ ಬಂದರೂ ಯೂರೋಲೀಗಿನಲ್ಲಿ ಇರುತ್ತವೆ. 2021ರಲ್ಲಿ ಬಯರ್ನ್ ಮ್ಯೂನಿಕ್ ಮತ್ತು ಫ್ರಾನ್ಸಿನ ಆಸ್ವೆಲ್ ಆ ಗುಂಪು ಸೇರಿದವು. ಉಳಿದ ಜಾಗಗಳನ್ನು ಕಂಪನಿ ಕೊಡುತ್ತದೆ. ಕೆಲವು ವರ್ಷದ ಲೆಕ್ಕದಲ್ಲಿ, ಅಥವಾ ಅದೇ ಕಂಪನಿಯ ಎರಡನೇ ಟೂರ್ನಿ ಯೂರೋಕಪ್ ಗೆದ್ದವರಿಗೆ. 2025ರಲ್ಲಿ ಯೂರೋಕಪ್ ಗೆದ್ದ ಹಪೋಯೆಲ್ ಟೆಲ್ ಅವೀವ್ ಹಾಗೆ ಬಂತು. ಅದೇ ವರ್ಷ ದುಬೈ ತಂಡವನ್ನೂ ಸೇರಿಸಿಕೊಂಡರು, ತಂಡಗಳು 20 ಆದವು. ಮಾಸ್ಕೋದ ಸಿಎಸ್‌ಕೆಎಗೂ ದೀರ್ಘಕಾಲದ ಲೈಸೆನ್ಸ್ ಇತ್ತು. ರಷ್ಯಾ ಉಕ್ರೇನಿನ ಮೇಲೆ ಯುದ್ಧಕ್ಕೆ ಹೋದ ಮೇಲೆ, 2022ರಿಂದ ರಷ್ಯಾದ ತಂಡಗಳು ಹೊರಗಿವೆ.

ಅಂದರೆ ಯೂರೋಲೀಗ್ ಬಾಗಿಲು ಪೂರ್ತಿ ಮುಚ್ಚಿಲ್ಲ, ಪೂರ್ತಿ ತೆರೆದೂ ಇಲ್ಲ. ನನಗೆ ಇದು ಸರಿ ಕಾಣುವುದಿಲ್ಲ. ಜರ್ಮನಿಯಲ್ಲಿ ಚಾಂಪಿಯನ್ ಆದ ಸಣ್ಣ ಊರಿನ ತಂಡಕ್ಕೆ ಅಲ್ಲಿಗೆ ನೇರ ದಾರಿ ಇರಬೇಕು. 2023ರಲ್ಲಿ ಉಲ್ಮ್ ಜರ್ಮನ್ ಚಾಂಪಿಯನ್ ಆಯಿತು. ಅಷ್ಟಾದರೂ ಯೂರೋಲೀಗಿಗೆ ಹೋಗಲಿಲ್ಲ. ಕ್ಲಬ್ಬುಗಳ ಕಡೆಯ ವಾದವೂ ಇದೆ. ಒಂದು ಕೆಟ್ಟ ಸೀಸನ್ನಿಗೆ ಎಲ್ಲ ಹೋಗುತ್ತದೆ ಅಂದರೆ ಹತ್ತು ಸಾವಿರ ಜನರ ಹಾಲ್ ಯಾರು ಕಟ್ಟುತ್ತಾರೆ, ಐದು ವರ್ಷದ ಪ್ರಾಯೋಜಕರು ಎಲ್ಲಿ ಸಿಗುತ್ತಾರೆ ಅಂತ ಅವರು ಕೇಳುತ್ತಾರೆ. ಆ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ.

ಫಿಬಾ ಸುಮ್ನೆ ಕೂರಲಿಲ್ಲ. 2016ರಲ್ಲಿ ದೇಶೀ ಲೀಗುಗಳ ಜೊತೆ ಸೇರಿ ಬಾಸ್ಕೆಟ್‌ಬಾಲ್ ಚಾಂಪಿಯನ್ಸ್ ಲೀಗ್ ಶುರುಮಾಡಿತು. ಬುರ್ಗೋಸ್ ಎರಡು ಸಲ ಗೆದ್ದದ್ದು ಇದನ್ನೇ. ಜರ್ಮನಿಯ ಬಾನ್ 2023ರಲ್ಲಿ ಗೆದ್ದಿತು. ಇಲ್ಲಿ ಜಾಗ ಹೆಚ್ಚಾಗಿ ದೇಶೀ ಲೀಗಿನ ಸ್ಥಾನ ನೋಡಿ ಸಿಗುತ್ತದೆ. ಅದರ ಕೆಳಗೆ ಫಿಬಾ ಯುರೋಪ್ ಕಪ್ ಇದೆ. ಹೀಗೆ ಕ್ಲಬ್ಬುಗಳಿಗೆ ನಾಲ್ಕು ಯುರೋಪಿಯನ್ ಟೂರ್ನಿ, ಎರಡು ಕಂಪನಿಯವು, ಎರಡು ಫಿಬಾದವು. ಇವುಗಳ ನಡುವೆ ಏಣಿ ಇಲ್ಲ. ಫಿಬಾ ಚಾಂಪಿಯನ್ಸ್ ಲೀಗ್ ಗೆದ್ದರೆ ಯೂರೋಲೀಗಿಗೆ ಟಿಕೆಟ್ ಸಿಗುವುದಿಲ್ಲ. ಬರ್ಲಿನ್ನಿನ ಆಲ್ಬಾ ತಂಡ 2025ರಲ್ಲಿ ತಾನಾಗಿಯೇ ಯೂರೋಲೀಗ್ ಬಿಟ್ಟು ಚಾಂಪಿಯನ್ಸ್ ಲೀಗಿಗೆ ಬಂತು. ಹೆಸರು ದೊಡ್ಡದಿದ್ದ ಮಾತ್ರಕ್ಕೆ ಅಲ್ಲೇ ಇರಬೇಕು ಅಂತ ಎಲ್ಲ ಕ್ಲಬ್ಬಿಗೂ ಅನ್ನಿಸುವುದಿಲ್ಲ, ಅಲ್ವಾ?

ಈ ಜಗಳದ ಭಾರ ಬೀಳುವುದು ಆಟಗಾರರ ಮೊಣಕಾಲಿನ ಮೇಲೆ. ಬಯರ್ನ್ ಲೆಕ್ಕ ತೆಗೆದುಕೊಳ್ಳಿ. 20 ತಂಡದ ಯೂರೋಲೀಗಿನಲ್ಲಿ 38 ಮ್ಯಾಚು. ಬುಂಡೆಸ್‌ಲಿಗಾದಲ್ಲಿ 34. ಆಗಲೇ 72 ಆಯಿತು. ಮೇಲೆ ಜರ್ಮನ್ ಕಪ್ಪು, ಎರಡೂ ಕಡೆಯ ಪ್ಲೇಆಫ್. ಗುರುವಾರ ಅಥೆನ್ಸಿನಲ್ಲಿ ಆಡಿ ಭಾನುವಾರ ಜರ್ಮನಿಯ ಇನ್ನೊಂದು ಮೂಲೆಯಲ್ಲಿ ಆಡಬೇಕು. ನಡುವೆ ನವೆಂಬರ್, ಫೆಬ್ರವರಿಯಲ್ಲಿ ಫಿಬಾ ದೇಶದ ತಂಡಗಳ ಅರ್ಹತಾ ಪಂದ್ಯ ಇಡುತ್ತದೆ. ಯೂರೋಲೀಗ್ ಆಟಗಾರರು ಬಹಳ ಸಲ ಅವುಗಳಿಗೆ ಬರಲಾಗುವುದಿಲ್ಲ. ಭಾನುವಾರದ ಮ್ಯಾಚಿನಲ್ಲಿ ಬಯರ್ನ್‌ನ ಸ್ಟಾರ್ ಆಟಗಾರ ಬೆಂಚಿನಲ್ಲಿ ಕೂತಿದ್ದರೆ ಮಗನಿಗೆ ಹೇಳಿ, ಅವನಿಗೆ ವಿಶ್ರಾಂತಿ ಕೊಟ್ಟಿದ್ದಾರೆ ಅಂತ.

ದುಡ್ಡಿನ ಬಗ್ಗೆ ಒಂದೇ ಮಾತು. ಟಿವಿ ದುಡ್ಡಿನಿಂದಲೇ ಹೊಟ್ಟೆ ತುಂಬುವ ಬಾಸ್ಕೆಟ್‌ಬಾಲ್ ಕ್ಲಬ್ ಇಲ್ಲಿ ಇಲ್ಲ ಅಂದರೂ ನಡೆಯುತ್ತದೆ. ಕೆಲವಕ್ಕೆ ಫುಟ್‌ಬಾಲ್ ವಿಭಾಗದ ಆಸರೆ, ಕೆಲವಕ್ಕೆ ಒಬ್ಬ ಶ್ರೀಮಂತ ಮಾಲೀಕರು, ಉಳಿದವಕ್ಕೆ ಊರಿನ ಕಂಪನಿಗಳು. ಆಸರೆ ಹೋದರೆ ಕಥೆ ಮುಗಿಯಿತು. ಕ್ವಾಕೆನ್‌ಬ್ರೂಕ್ ಅನ್ನುವ ಪುಟ್ಟ ಊರಿನ ಆರ್ಟ್‌ಲಾಂಡ್ ಡ್ರಾಗನ್ಸ್ 2008ರಲ್ಲಿ ಜರ್ಮನ್ ಕಪ್ ಗೆದ್ದ ತಂಡ. ಮುಖ್ಯ ಪ್ರಾಯೋಜಕರು ಹಿಂದೆ ಸರಿದ ಮೇಲೆ 2015ರಲ್ಲಿ ಬುಂಡೆಸ್‌ಲಿಗಾ ಬಿಟ್ಟು ಪ್ರೋ-ಬಿಯಿಂದ ಹೊಸದಾಗಿ ಶುರುಮಾಡಿತು. ಆದರೆ ಇದನ್ನೂ ನೋಡಿ. ಅದೇ ಕ್ಲಬ್ಬಿನ ಮಕ್ಕಳ ವಿಭಾಗದಲ್ಲಿ ಬೆಳೆದ ಹುಡುಗ ಐಸೈಯಾ ಹಾರ್ಟನ್‌ಸ್ಟೈನ್. ಅಲ್ಲಿಂದ ಜಾಲ್ಗಿರಿಸ್‌ಗೆ ಹೋದರು, ಆಮೇಲೆ ಅಮೆರಿಕ. 2025ರಲ್ಲಿ ಒಕ್ಲಹೋಮ ಸಿಟಿ ತಂಡದ ಜೊತೆ ಎನ್‌ಬಿಎ ಗೆದ್ದರು.

ಎನ್‌ಬಿಎ ಬಂದರೆ ಸಣ್ಣ ಕ್ಲಬ್ ಮುಚ್ಚುತ್ತವಾ? 2025ರ ಮಾರ್ಚ್‌ನಲ್ಲಿ ಎನ್‌ಬಿಎ ಮತ್ತು ಫಿಬಾ ಜೊತೆಯಾಗಿ ಯುರೋಪಿನಲ್ಲಿ ಹೊಸ ಲೀಗಿನ ಯೋಚನೆ ಇದೆ ಅಂತ ಹೇಳಿದವು. ಅವರು ಮುಂದಿಟ್ಟ ಮಾದರಿಯಲ್ಲಿ 16 ತಂಡ. 12ಕ್ಕೆ ಕಾಯಂ ಜಾಗ, ನಾಲ್ಕು ಜಾಗ ಆಡಿ ಗಳಿಸುವವರಿಗೆ. ಅದು ಬಂದರೆ ಯೂರೋಲೀಗಿನ ಕೆಲವು ದೊಡ್ಡ ಹೆಸರುಗಳು ಆ ಕಡೆ ಹೋಗಬಹುದು. ಬುಂಡೆಸ್‌ಲಿಗಾ, ಎಸಿಬಿಯಂಥ ಲೀಗುಗಳಿಗೂ ಚಿಂತೆ ಇದೆ. ಮೇಲಿನ ತಂಡಗಳ ಮನಸ್ಸು ಬೇರೆ ಕಡೆ ಹೋದರೆ ದೇಶೀ ಲೀಗಿನ ಟಿಕೆಟ್ ಯಾರು ಕೊಳ್ಳುತ್ತಾರೆ ಅನ್ನುವ ಚಿಂತೆ. ನಿಮ್ಮ ಊರಿನ ಕ್ಲಬ್ಬಿಗೆ ಅದರಿಂದ ಏನೂ ಆಗುವುದಿಲ್ಲ. ಅದು ಸದಸ್ಯರು ಕಟ್ಟುವ ಚಂದಾ, ಶಾಲೆಯ ಜಿಮ್, ಸಂಜೆ ಬಂದು ಕೋಚಿಂಗ್ ಮಾಡುವ ಅಪ್ಪ ಅಮ್ಮಂದಿರಿಂದ ನಡೆಯುವಂಥದ್ದು. ಯೂರೋಲೀಗ್ ಹುಟ್ಟುವ ಮೊದಲೂ ಹಾಗೇ ನಡೆಯುತ್ತಿತ್ತು.

ಈಗ ಮಗನ ವಿಷಯ. ನಾನು ಜಾಸ್ತಿ ಹೊತ್ತು ಯೋಚಿಸಿದ್ದು ಇದನ್ನೇ.

ಸ್ಪೇನಿನ ಅಕಾಡೆಮಿಯಿಂದ ಶುರುಮಾಡುತ್ತೇನೆ. ಯುರೋಪಿನ ಒಳ್ಳೆಯ ಕ್ಲಬ್ ಒಂದು ಹುಡುಗನನ್ನು ನಿಜವಾಗಿ ಬೇಕು ಅಂದರೆ ದೊಡ್ಡ ಫೀಸು ಕೇಳುವುದಿಲ್ಲ. ಹಾಸ್ಟೆಲು, ಶಾಲೆ ತಾನೇ ನೋಡಿಕೊಳ್ಳುತ್ತದೆ, ಅಥವಾ ಸ್ವಲ್ಪ ಪಾಲು ಕೇಳುತ್ತದೆ. ಪೂರ್ತಿ ಖರ್ಚು ಮನೆಯವರದೇ ಅಂದರೆ ಅದು ಶಾಲೆಯ ವ್ಯಾಪಾರ. ವ್ಯಾಪಾರ ತಪ್ಪಲ್ಲ, ಆದರೆ ಮಗನ ಆಟ ನೋಡಿ ಆಯ್ಕೆ ಮಾಡಿದ್ದಾರೆ ಅಂತ ತಿಳಿಯಬೇಡಿ. ಇನ್ನೊಂದು ಅಡ್ಡಿಯೂ ಇದೆ. 18 ತುಂಬದ ಮಕ್ಕಳನ್ನು ಆಟಕ್ಕೋಸ್ಕರ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ವರ್ಗ ಮಾಡಲು ಫಿಬಾ ನಿಯಮ ಸಾಮಾನ್ಯವಾಗಿ ಬಿಡುವುದಿಲ್ಲ. ವಿಶೇಷ ಕಾರಣಕ್ಕೆ ಮಾತ್ರ ಅನುಮತಿ. ಅನುಮತಿ ಸಿಗದಿದ್ದರೆ ಹುಡುಗ ಅಲ್ಲಿ ತರಬೇತಿ ಮಾಡಬಹುದು, ಲೀಗ್ ಮ್ಯಾಚ್ ಆಡಲಾಗುವುದಿಲ್ಲ. ನನಗೆ ಗೊತ್ತಿದ್ದ ಒಬ್ಬ ಹುಡುಗ ಹಾಗೆ ಒಂದು ಕಡೆ ಹೋಗಿ ಎಂಟು ತಿಂಗಳು ಸ್ನೇಹ ಪಂದ್ಯ ಮಾತ್ರ ಆಡಿ ವಾಪಸ್ ಬಂದ. ಹೋಗುವಾಗ ಇದ್ದ ಜಾಗದಲ್ಲಿ ಅಷ್ಟು ಹೊತ್ತಿಗೆ ಇನ್ನೊಬ್ಬ ಹುಡುಗ ಆಡುತ್ತಿದ್ದ. ನೀವು ಅವರಿಗೆ ಲಿಖಿತವಾಗಿ ಕೇಳಿ: ಯಾವ ಕ್ಲಬ್ಬಿನ ಹೆಸರಿನಲ್ಲಿ ನೋಂದಣಿ, ಯಾವ ಲೀಗಿನಲ್ಲಿ ಆಟ, ಫಿಬಾ ಅನುಮತಿಯನ್ನು ಯಾರು ತರುತ್ತಾರೆ. ಈ ಮೂರಕ್ಕೆ ಉತ್ತರ ಕೈಗೆ ಬರುವ ತನಕ ಒಂದು ಯೂರೋ ಕೂಡ ಕಟ್ಟಬೇಡಿ.

ಜರ್ಮನಿಯಲ್ಲೇ ದಾರಿ ಇದೆ. ದೇಶದ ಮಟ್ಟದಲ್ಲಿ ಹದಿನಾರರ ಒಳಗಿನವರಿಗೆ ಜೆಬಿಬಿಎಲ್, ಹತ್ತೊಂಬತ್ತರ ಒಳಗಿನವರಿಗೆ ಎನ್‌ಬಿಬಿಎಲ್ ಅನ್ನುವ ಲೀಗುಗಳಿವೆ. ಮ್ಯೂನಿಕ್ ಸುತ್ತ ಇವುಗಳಲ್ಲಿ ಆಡುವ ತಂಡಗಳಿವೆ. ಬೇಸಿಗೆಯಲ್ಲಿ ಆಯ್ಕೆ ನಡೆಯುತ್ತದೆ, ಹೋಗಿ ಪ್ರಯತ್ನಿಸಲಿ. ಒಂದು ಸಲ ಆಗದಿದ್ದರೆ ಮರುವರ್ಷ ಮತ್ತೆ ಹೋಗಲಿ. ಈ ವಯಸ್ಸಿನಲ್ಲಿ ಒಂದೇ ವರ್ಷದಲ್ಲಿ ಹತ್ತು ಸೆಂಟಿಮೀಟರ್ ಬೆಳೆದು ಬೇರೆಯೇ ಆಟಗಾರರಾಗಿ ಬಂದವರನ್ನು ನೋಡಿದ್ದೇನೆ. ಆದರೆ ದೊಡ್ಡ ಹೆಸರಿನ ಕ್ಲಬ್ಬಿನಲ್ಲಿ ಹನ್ನೆರಡನೆಯವನಾಗಿ ಬೆಂಚಿನಲ್ಲಿ ಕೂರುವುದಕ್ಕಿಂತ ಸಣ್ಣ ಕ್ಲಬ್ಬಿನಲ್ಲಿ ಇಪ್ಪತ್ತೈದು ನಿಮಿಷ ಆಡುವುದೇ ಮೇಲು. ಡಿರ್ಕ್ ನೊವಿಟ್ಸ್ಕಿ 1998ರಲ್ಲಿ ಎನ್‌ಬಿಎಗೆ ಆಯ್ಕೆಯಾದಾಗ ಆಡುತ್ತಿದ್ದದ್ದು ತಮ್ಮ ಊರು ವ್ಯುರ್ಟ್ಸ್‌ಬರ್ಗಿನ ತಂಡಕ್ಕೆ, ಅದೂ ಎರಡನೇ ದರ್ಜೆಯ ಲೀಗಿನಲ್ಲಿ. ಅವರಂತೆ ಎಲ್ಲರೂ ಆಗುವುದಿಲ್ಲ ಅಂತ ನನಗೂ ಗೊತ್ತು. ಸಣ್ಣ ಕ್ಲಬ್ಬಿನಲ್ಲಿದ್ದರೆ ಯಾರೂ ನೋಡುವುದಿಲ್ಲ ಅನ್ನುವ ಭಯಕ್ಕೆ ಅಷ್ಟೇ ಈ ಮಾತು.

ಇದರಲ್ಲೂ ಕಷ್ಟ ಇದೆ. ವಾರಕ್ಕೆ ನಾಲ್ಕೈದು ಸಂಜೆ ತರಬೇತಿ, ಶನಿವಾರ ಭಾನುವಾರ ದೂರದ ಊರಿಗೆ ಕಾರು ಓಡಿಸುವುದು ನೀವೇ. ಗಾಯ ಆಗಬಹುದು. ಹದಿನೇಳಕ್ಕೆ 'ನೀನು ಬೇಡ' ಅನ್ನಬಹುದು. ನಾನೇ ಹಾಗೆ ಹೇಳಬೇಕಾಗಿ ಬಂದ ದಿನಗಳಿವೆ. ಇಷ್ಟೆಲ್ಲ ಆಗಿ ಸಂಬಳದ ಆಟಗಾರರಾಗುವವರು ತುಂಬ ಕಡಿಮೆ.

ಅದಕ್ಕೇ ನಿಮ್ಮ ಯಜಮಾನರ ಮಾತಿಗೆ ನಾನು ಅಡ್ಡ ಹೇಳುವುದಿಲ್ಲ. ಓದು ಬಿಡಬಾರದು ಅನ್ನುವುದು ನೂರಕ್ಕೆ ನೂರು ಸರಿ. ಆದರೆ ಇಲ್ಲಿ ಎರಡರಲ್ಲಿ ಒಂದು ಅಂತ ಹತ್ತನೇ ಕ್ಲಾಸಿಗೇ ತೀರ್ಮಾನ ಮಾಡಬೇಕಿಲ್ಲ. ಜೆಬಿಬಿಎಲ್ ಆಡುವ ಹುಡುಗರು ಶಾಲೆಗೆ ಹೋಗುತ್ತಲೇ ಆಡುತ್ತಾರೆ. ಜೊತೆಗೆ ಅಮೆರಿಕದ ಕಾಲೇಜು ದಾರಿ ಇದೆ. 2021ರಿಂದ ಅಲ್ಲಿ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ದುಡಿಯಬಹುದು, 2025ರಿಂದ ಕಾಲೇಜುಗಳೇ ನೇರವಾಗಿ ಹಣ ಕೊಡುತ್ತಿವೆ. ಹಾಗಾಗಿ ಯುರೋಪಿನ ಹದಿನೆಂಟು ಹತ್ತೊಂಬತ್ತರ ಹುಡುಗರು ದಂಡುಗಟ್ಟಿ ಆ ಕಡೆ ಹೋಗುತ್ತಿದ್ದಾರೆ. ಇಲ್ಲಿನ ಕ್ಲಬ್ಬುಗಳಿಗೆ ಅದೊಂದು ದೊಡ್ಡ ನೋವು. ಆ ಬಾಗಿಲಿಗೆ ಹೈಸ್ಕೂಲಿನ 16 ಮುಖ್ಯ ವಿಷಯಗಳ ಅಂಕಪಟ್ಟಿ ಬೇಕು. ಇಂಗ್ಲಿಷ್, ಗಣಿತ, ವಿಜ್ಞಾನ ಇಂಥವು. ಓದು ಬಿಟ್ಟರೆ ಆಟದ ಬಾಗಿಲೂ ಮುಚ್ಚುತ್ತದೆ ಅಂತ ಮಗನಿಗೆ ಅಪ್ಪನೇ ಕೂರಿಸಿಕೊಂಡು ಹೇಳಲಿ.

ಕೊನೆಗೆ ಪಾಸ್‌ಪೋರ್ಟ್. ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ, ನನಗೆ ಅದೇ ದೊಡ್ಡ ವಿಷಯ ಅನ್ನಿಸಿತು. ಬುಂಡೆಸ್‌ಲಿಗಾದಲ್ಲಿ ಮ್ಯಾಚಿನ ಪಟ್ಟಿಯ 12 ಜನರಲ್ಲಿ ಹೊರದೇಶದವರು ಆರು ಜನ ಮಾತ್ರ ಇರಬಹುದು. ಆ ಆರು ಜಾಗಕ್ಕೆ ಕ್ಲಬ್ಬುಗಳು ತಯಾರಾದ ಅಮೆರಿಕನ್ ಆಟಗಾರರನ್ನು ಹುಡುಕುತ್ತವೆ. ಹತ್ತೊಂಬತ್ತು ವರ್ಷದ ಭಾರತೀಯ ಪಾಸ್‌ಪೋರ್ಟಿನ ಹುಡುಗನಿಗೆ ಅಲ್ಲಿ ಜಾಗ ಸಿಗುವುದು ಬಹಳ ಕಷ್ಟ. ಅದೇ ಹುಡುಗನ ಹತ್ತಿರ ಜರ್ಮನ್ ಪಾಸ್‌ಪೋರ್ಟ್ ಇದ್ದರೆ ಅವನು ಇನ್ನೊಂದು ಆರರ ಲೆಕ್ಕಕ್ಕೆ ಬರುತ್ತಾನೆ, ಅಲ್ಲಿ ಒಳ್ಳೆಯ ಹುಡುಗರಿಗೆ ಯಾವಾಗಲೂ ಹುಡುಕಾಟ ಇದೆ. ಮಕ್ಕಳ ಲೀಗಿನಲ್ಲಿ ಏನು ನಿಯಮ ಅಂತ ಕ್ಲಬ್ಬಿನ ಕಚೇರಿಯಲ್ಲಿ ಈಗಲೇ ಕೇಳಿಕೊಳ್ಳಿ.

ದೇಶದ ತಂಡದ ವಿಷಯದಲ್ಲಿ ಫಿಬಾ ಗೆರೆ ಎಳೆದಿರುವುದು ಹದಿನಾರಕ್ಕೆ. 16 ತುಂಬುವ ಮೊದಲು ಪಾಸ್‌ಪೋರ್ಟ್ ಬಂದರೆ ಅವನು ಆ ದೇಶದ ಸಾಮಾನ್ಯ ಆಟಗಾರ. ಆಮೇಲೆ ಬಂದರೆ ಹೊರಗಿನಿಂದ ಬಂದವನ ಲೆಕ್ಕ, ಅಂಥವರು ಒಂದು ತಂಡದಲ್ಲಿ ಒಬ್ಬರೇ ಇರಬಹುದು. ಜರ್ಮನಿ 2023ರಲ್ಲಿ ವಿಶ್ವಕಪ್ಪನ್ನೂ 2025ರಲ್ಲಿ ಯೂರೋಬಾಸ್ಕೆಟನ್ನೂ ಗೆದ್ದ ದೇಶ, ಅಲ್ಲಿ ಆ ಒಂದು ಜಾಗದ ಮೇಲೆ ಕಣ್ಣಿಡುವುದು ವ್ಯರ್ಥ. ಇನ್ನೊಂದು ಕಡೆಯೂ ಇದೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಜರ್ಮನ್ ಆದರೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು, ಭಾರತದ ತಂಡಕ್ಕೆ ಆಡುವ ಆಸೆಯನ್ನೂ ಬಿಡಬೇಕು. ಹುಡುಗನಿಗೆ ಆ ಆಸೆ ಇದೆಯಾ ಅಂತ ಅವನನ್ನೇ ಕೇಳಿ. ಇದು ಆಟಕ್ಕಾಗಿ ಮಾಡುವ ತೀರ್ಮಾನ ಅಲ್ಲ, ಮನೆಯವರೆಲ್ಲ ಕೂತು ಮಾಡುವಂಥದ್ದು. ಬೇಡ ಅಂತಾದರೂ ಅವನು ಕ್ಲಬ್ ಆಟ ಬಿಡಬೇಕಿಲ್ಲ.

ಬೇಕು ಅಂತಾದರೆ ಲೆಕ್ಕ ಹೀಗಿದೆ. 2024ರ ಜೂನ್‌ನಿಂದ ಜರ್ಮನಿಯಲ್ಲಿ ಐದು ವರ್ಷ ನೆಲೆಸಿದವರು ಪೌರತ್ವಕ್ಕೆ ಅರ್ಜಿ ಹಾಕಬಹುದು. ನಿಮಗೆ ಆರು ವರ್ಷ ಆಗಿದೆ. ನಿಮ್ಮ ಜೊತೆ ಮಗನದನ್ನೂ ಹಾಕಬಹುದು. ಮ್ಯೂನಿಕ್ ಸುತ್ತಮುತ್ತ ಅರ್ಜಿಗಳು ತಿಂಗಳುಗಟ್ಟಲೆ ಕಾಯುತ್ತವೆ, ಮಗನಿಗೆ ಹದಿನಾರು ತುಂಬಲು ಇರುವುದು ಒಂದೂವರೆ ವರ್ಷ. ಭಾಷಾ ಪರೀಕ್ಷೆಯ ಸರ್ಟಿಫಿಕೇಟ್ ಇನ್ನೂ ಆಗಿಲ್ಲದಿದ್ದರೆ ಅದರಿಂದಲೇ ಶುರುಮಾಡಿ.